ಯಂತ್ರದ ಜರಡಿಯಲ್ಲಿ ಆರೈಕೆ ಸಹಾಯಕರ ಸ್ವವಿವರ

ಕೆಲಸ ಕೇಳಿಕೊಂಡು ಬಂದವರ ಅರ್ಜಿಯನ್ನು ಮಾಲೀಕರೇ ಓದಿ, ಎದುರಿಗೆ ಕೂರಿಸಿಕೊಂಡು ನಾಲ್ಕು ಮಾತು ಕೇಳಿ, ಪರಿಚಿತರ ಅಭಿಪ್ರಾಯ ಪಡೆದು ತೀರ್ಮಾನಿಸುವ ಪದ್ಧತಿ ಸಣ್ಣ ಉದ್ಯಮಗಳಲ್ಲಿ ಇಂದಿಗೂ ಮರೆಯಾಗಿಲ್ಲ. ಆದರೆ ದೊಡ್ಡ ಆಸ್ಪತ್ರೆ ಸಮೂಹಗಳಲ್ಲಿ, ಉದ್ಯೋಗ ಜಾಲತಾಣಗಳ ಮೂಲಕ ಸಿಬ್ಬಂದಿಯನ್ನು ಆರಿಸುವ ಸಂಸ್ಥೆಗಳಲ್ಲಿ ಅರ್ಜಿಯನ್ನು ಮೊದಲು ಓದುವ ಕೆಲಸ ಈಗ ತಂತ್ರಾಂಶದ ಪಾಲಾಗಿದೆ. ಬಂದ ಸ್ವವಿವರಗಳನ್ನು ಅದು ಬಿಡಿಸಿ ನೋಡುತ್ತದೆ, ಕೇಳಿದ ಪದಗಳು ಇವೆಯೇ ಎಂದು ಹುಡುಕುತ್ತದೆ, ಅದರಂತೆ ಅರ್ಜಿಗಳನ್ನು ಮೇಲೆ ಕೆಳಗೆ ಜೋಡಿಸುತ್ತದೆ. ಮೇಲಿನ ಕೆಲವನ್ನು ಮಾತ್ರ ಮನುಷ್ಯರು ನೋಡುತ್ತಾರೆ.

ಲೆಕ್ಕಪತ್ರ ಅಥವಾ ಮಾರಾಟ ವಿಭಾಗದ ಅಭ್ಯರ್ಥಿಗಳಿಗೆ ಈ ವ್ಯವಸ್ಥೆ ಅಷ್ಟಾಗಿ ತೊಡಕಲ್ಲ. ಬರವಣಿಗೆಯೇ ಅವರ ಕಸುಬಿನ ಭಾಗ. ಆದರೆ ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸುವ, ಸ್ನಾನ ಮಾಡಿಸುವ, ಊಟ ಮಾಡಿಸುವ, ರಾತ್ರಿಯಿಡೀ ಹಾಸಿಗೆಯ ಪಕ್ಕ ಕೂರುವ ಆರೈಕೆ ಸಹಾಯಕರ ಕೌಶಲವಿರುವುದು ಕೈಯಲ್ಲಿ, ಕಾಗದದಲ್ಲಲ್ಲ. ಹತ್ತು ವರ್ಷ ದುಡಿದವರ ಸ್ವವಿವರದಲ್ಲಿಯೂ 'ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಅನುಭವವಿದೆ' ಎಂಬ ಒಂದೇ ಸಾಲು ಇರುವುದುಂಟು. ಯಂತ್ರಕ್ಕೆ ಆ ಸಾಲಿನಿಂದ ಏನೂ ತಿಳಿಯುವುದಿಲ್ಲ.

ವಾಣಿಜ್ಯ ಮಂಡಳಿಯ ಪತ್ರಿಕೆಯಲ್ಲಿ ಈ ವಿಷಯಕ್ಕೆ ಸ್ಥಾನವೇಕೆ ಎಂಬ ಪ್ರಶ್ನೆ ಸಹಜ. ನರ್ಸಿಂಗ್ ಹೋಮ್, ವೃದ್ಧಾಶ್ರಮ, ಮನೆಗೇ ಆರೈಕೆ ಸಿಬ್ಬಂದಿಯನ್ನು ಕಳುಹಿಸುವ ಏಜೆನ್ಸಿ, ಆಸ್ಪತ್ರೆ ಮಂಚ ಹಾಗೂ ಗಾಲಿಕುರ್ಚಿಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇವೆಲ್ಲವೂ ಸಣ್ಣ ಉದ್ಯಮಗಳೇ. 2011ರ ಜನಗಣತಿಯ ವೇಳೆಗೇ ದೇಶದಲ್ಲಿ 60 ವರ್ಷ ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಆರೈಕೆಯ ಕೈಗಳಿಗೆ ಬೇಡಿಕೆ ಏರುತ್ತಿರುವುದು ಪ್ರತಿ ಊರಿನ ಅನುಭವ. ಅದಲ್ಲದೆ, ಇಂದು ಆರೈಕೆ ಸಹಾಯಕರಿಗೆ ಎದುರಾಗಿರುವ ತೊಡಕು ನಾಳೆ ಲೇತ್ ಯಂತ್ರದ ಕೆಲಸಗಾರರಿಗೂ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕರಿಗೂ ಎದುರಾಗುವಂಥದೇ. ಅಗ್ಗದ ದರದಲ್ಲಿ ದೊರೆಯುವ ನೇಮಕಾತಿ ತಂತ್ರಾಂಶಗಳು ಸಣ್ಣ ಕಾರ್ಖಾನೆಗಳ ಕಚೇರಿಯನ್ನೂ ಪ್ರವೇಶಿಸುತ್ತಿವೆ.

ಜರಡಿಯ ಸ್ವರೂಪ

ಟೆಂಡರು ಹಾಕುವ ಅಭ್ಯಾಸವುಳ್ಳ ಉದ್ಯಮಿಗಳಿಗೆ ಈ ವ್ಯವಸ್ಥೆಯನ್ನು ವಿವರಿಸುವುದು ಕಷ್ಟವಲ್ಲ. ಎರಡು ಲಕೋಟೆಗಳ ಪದ್ಧತಿಯಲ್ಲಿ ಮೊದಲು ತೆರೆಯುವುದು ತಾಂತ್ರಿಕ ಲಕೋಟೆಯನ್ನು. ಕೇಳಿದ ಪ್ರಮಾಣಪತ್ರಗಳಲ್ಲಿ ಒಂದು ಇಲ್ಲವಾದರೂ ದರದ ಲಕೋಟೆ ತೆರೆಯದೆಯೇ ಉಳಿಯುತ್ತದೆ. ಅದರೊಳಗೆ ಎಲ್ಲರಿಗಿಂತ ಕಡಿಮೆ ದರವಿದ್ದರೂ ಪ್ರಯೋಜನವಿಲ್ಲ. ಸ್ವವಿವರವೂ ಹಾಗೆಯೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಲ್ಲಿ ಪೂಜಾರಿಯ ಜಾಗಕ್ಕೆ ಈಗ ತಂತ್ರಾಂಶ ಬಂದಿದೆ.

ಈ ಜರಡಿಯಲ್ಲಿ ಎರಡು ಹಂತಗಳಿವೆ. ಮೊದಲನೆಯದು ಅರ್ಜಿ ನಮೂನೆಯಲ್ಲಿರುವ ಹೌದು-ಅಲ್ಲ ಪ್ರಶ್ನೆಗಳು. ರಾತ್ರಿ ಪಾಳಿಗೆ ಒಪ್ಪಿಗೆಯಿದೆಯೇ, ತರಬೇತಿ ಪ್ರಮಾಣಪತ್ರವಿದೆಯೇ, ಇಂತಿಷ್ಟು ವರ್ಷಗಳ ಅನುಭವವಿದೆಯೇ ಎಂಬಂತಹವು ಇಲ್ಲಿ ಬರುತ್ತವೆ. ಒಂದಕ್ಕೆ 'ಅಲ್ಲ' ಎಂದರೂ ಅರ್ಜಿ ಅಲ್ಲಿಗೇ ನಿಲ್ಲುವಂತೆ ಉದ್ಯೋಗದಾತರು ಗೊತ್ತುಪಡಿಸಿರಬಹುದು. ಎರಡನೆಯದು ಸ್ವವಿವರದ ಪದಗಳನ್ನು ಜಾಹೀರಾತಿನ ಪದಗಳೊಂದಿಗೆ ಹೋಲಿಸಿ ಅರ್ಜಿಗಳಿಗೆ ಸರದಿ ನೀಡುವುದು. ಎರಡನೆಯ ಹಂತದಲ್ಲಿ ಅರ್ಜಿ ತಿರಸ್ಕೃತವಾಗದೆಯೂ ಇರಬಹುದು. ಪಟ್ಟಿಯ ತಳದಲ್ಲಿ, ಯಾರ ಕಣ್ಣಿಗೂ ಬೀಳದಂತೆ ಉಳಿದುಬಿಡಬಹುದು.

ನಾಲ್ಕು ಅರ್ಜಿಗಳಲ್ಲಿ ಮೂರನ್ನು ಯಂತ್ರವೇ ಹರಿದು ಹಾಕುತ್ತದೆ ಎಂಬ ಲೆಕ್ಕವೊಂದು ಹಲವು ವರ್ಷಗಳಿಂದ ಪ್ರಚಾರದಲ್ಲಿದೆ. ಅದಕ್ಕೆ ನಂಬಲರ್ಹ ಆಧಾರವಿಲ್ಲ. ಹಣ ಪಡೆದು ಸ್ವವಿವರ ಬರೆದುಕೊಡುವವರ ಜಾಹೀರಾತುಗಳಲ್ಲಿ ಅದು ಪದೇ ಪದೇ ಕಾಣಿಸಿಕೊಳ್ಳುತ್ತದೆ. ಭಯವನ್ನು ಮೊದಲು ಮಾರಿ, ಮದ್ದನ್ನು ನಂತರ ಮಾರುವ ವ್ಯಾಪಾರ ಯಾವುದೆಂದು ವರ್ತಕರಿಗೆ ಹೇಳಿಕೊಡಬೇಕಾಗಿಲ್ಲ. ಆರೈಕೆ ಸಹಾಯಕರು ತಿಂಗಳ ದುಡಿಮೆಯ ಭಾಗವನ್ನು ಅದಕ್ಕೆ ತೆರುವ ಅಗತ್ಯವೂ ಇಲ್ಲ.

ಅಭ್ಯರ್ಥಿಯ ಪಾಲಿನ ಕೆಲಸ

ಜಿಲ್ಲಾ ಕೇಂದ್ರವೊಂದರ ನರ್ಸಿಂಗ್ ಹೋಮಿನಲ್ಲಿ ಮೂರು ವರ್ಷ ದುಡಿದ ಮಹಿಳೆಯೊಬ್ಬರು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಅರ್ಜಿ ಹಾಕುತ್ತಾರೆಂದು ಭಾವಿಸಬಹುದು. ನರ್ಸಿಂಗ್ ಹೋಮಿನಲ್ಲಿ ಎಲ್ಲರೂ ಅವರನ್ನು 'ಆಯಾ' ಎಂದೇ ಕರೆದಿದ್ದಾರೆ. ಆಸ್ಪತ್ರೆಯ ಜಾಹೀರಾತಿನಲ್ಲಿ ಇರುವುದು 'ಜನರಲ್ ಡ್ಯೂಟಿ ಅಸಿಸ್ಟೆಂಟ್'. ಬೇರೊಂದು ಸಂಸ್ಥೆ ಅದೇ ಕೆಲಸವನ್ನು 'ಪೇಷೆಂಟ್ ಕೇರ್ ಅಟೆಂಡೆಂಟ್' ಎನ್ನುತ್ತದೆ, ಮತ್ತೊಂದು 'ಹೋಮ್ ಹೆಲ್ತ್ ಏಡ್' ಎನ್ನುತ್ತದೆ, ಬ್ರಿಟನ್ನಿನವರು 'ಕೇರ್ ಅಸಿಸ್ಟೆಂಟ್' ಎನ್ನುತ್ತಾರೆ. ಕೆಲಸ ಬಹುಮಟ್ಟಿಗೆ ಒಂದೇ, ಹೆಸರು ನಾಲ್ಕು. ಹೆಸರು ಕೂಡದಿದ್ದರೆ ಸರಳವಾದ ತಂತ್ರಾಂಶಕ್ಕೆ ಕೆಲಸವೂ ಕೂಡುವುದಿಲ್ಲ. ಜಿಎಸ್‌ಟಿ ಬಿಲ್ಲಿನಲ್ಲಿ ಎಚ್‌ಎಸ್‌ಎನ್ ಸಂಕೇತ ತಪ್ಪಾಗಿ ನಮೂದಾದರೆ ಸರಕು ಅದೇ ಆಗಿದ್ದರೂ ಎದುರಾಗುವ ತಾಪತ್ರಯವನ್ನು ಬಲ್ಲ ವರ್ತಕರಿಗೆ ಇದು ಹೊಸತಲ್ಲ.

ಆದುದರಿಂದ ಮೊದಲ ನಿಯಮ, ಹುದ್ದೆಯ ಹೆಸರನ್ನು ಜಾಹೀರಾತಿನಲ್ಲಿ ಇದ್ದಂತೆಯೇ, ಅದೇ ಭಾಷೆಯಲ್ಲಿ ಬರೆಯುವುದು. ಪೂರ್ಣ ಹೆಸರನ್ನೂ 'ಜಿಡಿಎ' ಎಂಬ ಹ್ರಸ್ವರೂಪವನ್ನೂ ಒಮ್ಮೆಯಾದರೂ ಕೊಡಬೇಕು. ಹಿಂದಿನ ಸಂಸ್ಥೆಯಲ್ಲಿ ಹುದ್ದೆಯ ಹೆಸರು ಬೇರೆಯಾಗಿದ್ದರೆ ಅದನ್ನು ಬದಲಿಸಬಾರದು. 'ವಾರ್ಡ್ ಆಯಾ, ಜನರಲ್ ಡ್ಯೂಟಿ ಅಸಿಸ್ಟೆಂಟಿಗೆ ಸಮಾನವಾದ ಕರ್ತವ್ಯಗಳು' ಎಂದು ಬರೆದರೆ ಸತ್ಯವೂ ಉಳಿಯುತ್ತದೆ, ಪದವೂ ದೊರೆಯುತ್ತದೆ.

ಎರಡನೆಯದು ತರಬೇತಿ. ಜನರಲ್ ಡ್ಯೂಟಿ ಅಸಿಸ್ಟೆಂಟ್ ತರಬೇತಿಗೆ ಆರೋಗ್ಯ ಕ್ಷೇತ್ರ ಕೌಶಲ ಮಂಡಳಿಯು ರೂಪಿಸಿದ ಅರ್ಹತಾ ಮಾನದಂಡವಿದ್ದು, ಎಚ್‌ಎಸ್‌ಎಸ್/ಕ್ಯೂ5101 ಎಂಬ ಸಂಕೇತದಿಂದ ಅದನ್ನು ಗುರುತಿಸಲಾಗುತ್ತದೆ. ಪ್ರಮಾಣಪತ್ರ ಪಡೆದವರು ತರಬೇತಿಯ ಪೂರ್ಣ ಹೆಸರು, ನೀಡಿದ ಸಂಸ್ಥೆ, ವರ್ಷ ಮತ್ತು ಪ್ರಮಾಣಪತ್ರದ ಸಂಖ್ಯೆಯನ್ನು ಅಲ್ಲಿರುವಂತೆಯೇ ನಮೂದಿಸಬೇಕು. 'ನರ್ಸಿಂಗ್ ಕೋರ್ಸ್ ಆಗಿದೆ' ಎಂದು ಬರೆಯುವುದು ಎರಡು ಬಗೆಯಲ್ಲಿ ಹಾನಿಕರ. ಯಂತ್ರಕ್ಕೆ ಅದು ತಿಳಿಯುವುದಿಲ್ಲ, ತಿಳಿದ ಮನುಷ್ಯರಿಗೆ ಅದು ಸುಳ್ಳೆನಿಸುತ್ತದೆ. ಆರೈಕೆ ಸಹಾಯಕರು ನರ್ಸ್‌ಗಳಲ್ಲ.

ಮೂರನೆಯದು ಕೆಲಸದ ವಿವರ. 'ರೋಗಿಗಳನ್ನು ನೋಡಿಕೊಂಡಿದ್ದೇನೆ' ಎಂಬ ಸಾಲಿನ ಬದಲು ಆ ಮಹಿಳೆ ತಾವು ನಿಜವಾಗಿ ಮಾಡಿದ್ದನ್ನು ಹೀಗೆ ಬಿಡಿಸಿ ಬರೆಯಬಹುದು: 20 ಹಾಸಿಗೆಗಳ ವಾರ್ಡಿನಲ್ಲಿ 12 ಗಂಟೆಗಳ ಪಾಳಿ, ನಾಡಿ, ಉಷ್ಣತೆ ಮತ್ತು ರಕ್ತದೊತ್ತಡ ಅಳೆದು ದಾಖಲಿಸುವುದು, ಹಾಸಿಗೆಯಲ್ಲಿಯೇ ಸ್ನಾನ, ಹಾಸಿಗೆ ಹುಣ್ಣು ಆಗದಂತೆ ನಿಗದಿತ ಸಮಯಕ್ಕೆ ಮಗ್ಗುಲು ಬದಲಿಸುವುದು, ಮಂಚದಿಂದ ಗಾಲಿಕುರ್ಚಿಗೆ ಸುರಕ್ಷಿತವಾಗಿ ವರ್ಗಾಯಿಸುವುದು, ಕುಡಿದ ನೀರು ಹಾಗೂ ಹೋದ ಮೂತ್ರದ ಪ್ರಮಾಣವನ್ನು ಬರೆದಿಡುವುದು, ಸೋಂಕು ತಡೆಗಟ್ಟುವ ಕ್ರಮಗಳು, ಪಾಳಿ ಬದಲಾಗುವಾಗ ನರ್ಸ್‌ಗೆ ವರದಿ ಒಪ್ಪಿಸುವುದು. ಇವುಗಳಿಗೆ ಜಾಹೀರಾತಿನಲ್ಲಿ ಯಾವ ಇಂಗ್ಲಿಷ್ ಪದಗಳನ್ನು ಬಳಸಿದೆಯೋ ಅವನ್ನೇ ಬಳಸುವುದು ಸೂಕ್ತ. ಅಂಕಿಗಳಿದ್ದರೆ ಓದುವವರಿಗೂ ನಂಬಿಕೆ ಹುಟ್ಟುತ್ತದೆ.

ನಾಲ್ಕನೆಯದು ಭಾಷೆ. ಕನ್ನಡದ ಜೊತೆಗೆ ತುಳು, ಕೊಂಕಣಿ, ಉರ್ದು ಅಥವಾ ತೆಲುಗು ಬಲ್ಲ ಸಹಾಯಕರು ಅದನ್ನು ಸ್ವವಿವರದಲ್ಲಿ ಬರೆಯುವುದೇ ಅಪರೂಪ. ನೋವಿನಲ್ಲಿರುವ ವೃದ್ಧರು ಮಾತನಾಡುವುದು ತಮ್ಮ ಮನೆಮಾತನ್ನು. ಅದನ್ನು ಅರಿತವರ ಬೆಲೆ ಆಸ್ಪತ್ರೆಗಳಿಗೂ ಗೊತ್ತು.

ಐದನೆಯದು ಕಾಗದದ ರೂಪ. ಚಂದದ ಅಂಚು, ಎರಡು ಕಾಲಂ, ಕೋಷ್ಟಕ, ಚಿತ್ರ, ನಕ್ಷತ್ರಗಳಿಂದ ಅಳೆದ ಕೌಶಲ ಇವೆಲ್ಲ ಮನುಷ್ಯರ ಕಣ್ಣಿಗೆ ಹಿತವೆನಿಸಿದರೂ ತಂತ್ರಾಂಶವನ್ನು ದಾರಿ ತಪ್ಪಿಸಬಹುದು. ಒಂದರ ಕೆಳಗೊಂದರಂತೆ ಅನುಭವ, ಶಿಕ್ಷಣ, ತರಬೇತಿ, ಕೌಶಲ ಎಂಬ ರೂಢಿಯ ಶೀರ್ಷಿಕೆಗಳು ಸಾಕು. ದೂರವಾಣಿ ಸಂಖ್ಯೆಯನ್ನು ಪುಟದ ಅಂಚಿನ ಪಟ್ಟಿಯಲ್ಲಿ ಹಾಕದೆ ಹೆಸರಿನ ಕೆಳಗೇ ಬರೆಯುವುದು ಸುರಕ್ಷಿತ. ಮುದ್ರಿಸಿದ ಹಾಳೆಯನ್ನು ಮೊಬೈಲಿನಲ್ಲಿ ಛಾಯಾಚಿತ್ರ ತೆಗೆದು ಕಳುಹಿಸುವ ರೂಢಿಯನ್ನು ಬಿಡಬೇಕು. ಟೈಪು ಮಾಡಿದ ಕಡತವನ್ನೇ ವರ್ಡ್ ಅಥವಾ ಪಿಡಿಎಫ್ ರೂಪದಲ್ಲಿ ಕಳುಹಿಸಬೇಕು. ಸೈಬರ್ ಕೆಫೆಯವರು ಬೇರೊಬ್ಬರಿಗೆ ಸಿದ್ಧಪಡಿಸಿದ ನಮೂನೆಯಲ್ಲಿ ಹೆಸರು ಮಾತ್ರ ಬದಲಿಸಿ ಕೊಟ್ಟರೆ, ಒಂದೇ ಅಚ್ಚಿನ ಹತ್ತಾರು ಸ್ವವಿವರಗಳ ನಡುವೆ ನಿಜವಾದ ಅನುಭವ ಮುಚ್ಚಿಹೋಗುತ್ತದೆ.

ಅಡ್ಡದಾರಿಯ ಅಪಾಯ

ಜಾಹೀರಾತಿನ ಪದಗಳನ್ನೆಲ್ಲ ಬಿಳಿ ಅಕ್ಷರಗಳಲ್ಲಿ ಸ್ವವಿವರದ ಕೆಳಗೆ ತುಂಬಿದರೆ ಮನುಷ್ಯರಿಗೆ ಕಾಣದು, ಯಂತ್ರ ಮಾತ್ರ ಓದುತ್ತದೆ ಎಂಬ ಉಪಾಯವೊಂದು ಚಾಲ್ತಿಯಲ್ಲಿದೆ. ತಂತ್ರಾಂಶವು ಬಣ್ಣವನ್ನು ಕಳಚಿ ಬರಿಯ ಅಕ್ಷರಗಳನ್ನು ತೆಗೆದಿರಿಸುವುದರಿಂದ ಈ ಗುಟ್ಟು ನೇಮಕಾಧಿಕಾರಿಯ ಪರದೆಯ ಮೇಲೆ ಬಯಲಾಗಬಹುದು. ತೂಕದಲ್ಲಿ ಮೋಸ ಮಾಡಿದ ವರ್ತಕರ ಅಂಗಡಿಗೆ ಗಿರಾಕಿ ಮತ್ತೆ ಹೋಗುವುದಿಲ್ಲ.

ಆರೈಕೆಯ ಕೆಲಸದಲ್ಲಿ ಸುಳ್ಳಿನ ಬೆಲೆ ಇನ್ನೂ ಹೆಚ್ಚು. ಮೂಗಿನ ನಳಿಕೆಯ ಮೂಲಕ ಆಹಾರ ಕೊಡುವುದು ಗೊತ್ತಿಲ್ಲದವರು ಗೊತ್ತಿದೆ ಎಂದು ಬರೆದರೆ ತೊಂದರೆಗೀಡಾಗುವುದು ಹಾಸಿಗೆಯಲ್ಲಿರುವ ರೋಗಿ. ಆದ್ದರಿಂದ ಯಂತ್ರಕ್ಕೆ ಹೊಂದುವಂತೆ ಬರೆಯುವುದೆಂದರೆ ಮಾಡಿದ್ದನ್ನು ಸರಿಯಾದ ಹೆಸರಿನಿಂದ ಕರೆಯುವುದು, ಅಷ್ಟೆ. ಮಾಡದಿದ್ದುದನ್ನು ಸೇರಿಸುವುದಕ್ಕೆ ಅದು ಪರವಾನಗಿಯಲ್ಲ.

ಜರಡಿಯ ಅಳತೆ ಯಾರ ಕೈಯಲ್ಲಿ?

ಇಷ್ಟೆಲ್ಲ ಮಾಡಿದ ಮೇಲೂ ಅರ್ಹರು ಹೊರಗುಳಿಯುತ್ತಾರೆ. ಅದಕ್ಕೆ ಅವರನ್ನಾಗಲಿ ಯಂತ್ರವನ್ನಾಗಲಿ ದೂರಿದರೆ ಸಾಲದು. ಯಂತ್ರವು ಹುಡುಕುವುದು ಉದ್ಯೋಗದಾತರು ಹುಡುಕೆಂದು ಹೇಳಿದ್ದನ್ನು. ಜರಡಿಯ ಕಣ್ಣಿನ ಅಳತೆ ತಪ್ಪಿದರೆ ಹೊಟ್ಟಿನೊಂದಿಗೆ ಕಾಳೂ ಹೋಗುತ್ತದೆ, ಮತ್ತು ಆ ಅಳತೆಯನ್ನು ಗೊತ್ತುಪಡಿಸುವುದು ಮಾಲೀಕರೇ.

ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಅಕ್ಸೆಂಚರ್ ಸಂಸ್ಥೆ ಜಂಟಿಯಾಗಿ 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ವರದಿ ಇಲ್ಲಿ ಗಮನಾರ್ಹ. ಅಮೆರಿಕ, ಬ್ರಿಟನ್ ಮತ್ತು ಜರ್ಮನಿಯ ಎರಡು ಸಾವಿರಕ್ಕೂ ಹೆಚ್ಚು ಉದ್ಯಮ ಮುಖ್ಯಸ್ಥರನ್ನು ಅದಕ್ಕಾಗಿ ಪ್ರಶ್ನಿಸಲಾಗಿತ್ತು. ಹೆಚ್ಚಿನ ಕೌಶಲದ ಹುದ್ದೆಗಳಿಗೆ ಅರ್ಹರಾದವರು ಜಾಹೀರಾತಿನ ಮಾನದಂಡಗಳಿಗೆ ಅಕ್ಷರಶಃ ಹೊಂದದ ಕಾರಣದಿಂದಲೇ ಹೊರಗುಳಿಯುತ್ತಿದ್ದಾರೆಂದು ಶೇ. 88ರಷ್ಟು ಮಂದಿ ಒಪ್ಪಿದರು. ಮಧ್ಯಮ ಕೌಶಲದ ಹುದ್ದೆಗಳ ವಿಷಯದಲ್ಲಿ ಈ ಪ್ರಮಾಣ ಶೇ. 94. ರೋಗಿಗಳ ವಿವರವನ್ನು ಕಂಪ್ಯೂಟರಿನಲ್ಲಿ ದಾಖಲಿಸಬಲ್ಲ ನರ್ಸ್‌ಗಳು ಬೇಕಾಗಿದ್ದ ಆಸ್ಪತ್ರೆಗಳು 'ಕಂಪ್ಯೂಟರ್ ಪ್ರೋಗ್ರಾಮಿಂಗ್' ಎಂಬ ಪದಕ್ಕಾಗಿ ಜರಡಿ ಹಿಡಿದಿದ್ದ ಉದಾಹರಣೆಯೂ ಆ ಅಧ್ಯಯನದಿಂದ ಬೆಳಕಿಗೆ ಬಂದಿತು. ಒಂದು ಪದದ ಅಜಾಗರೂಕತೆಗೆ ಎಷ್ಟು ನರ್ಸ್‌ಗಳು ಬಲಿಯಾದರೋ ಲೆಕ್ಕ ಇಟ್ಟವರಿಲ್ಲ.

ಅದೇ ವರದಿಯ ಇನ್ನೊಂದು ಅಂಶ ಆರೈಕೆಯ ಕ್ಷೇತ್ರಕ್ಕೆ ನೇರವಾಗಿ ಸಂಬಂಧಿಸಿದೆ. ಸಮೀಕ್ಷೆಗೊಳಗಾದ ಸಂಸ್ಥೆಗಳಲ್ಲಿ ಸುಮಾರು ಅರ್ಧದಷ್ಟು, ಉದ್ಯೋಗದಲ್ಲಿ ಆರು ತಿಂಗಳಿಗಿಂತ ಹೆಚ್ಚಿನ ಬಿಡುವು ಕಂಡರೆ ಅಭ್ಯರ್ಥಿಯನ್ನು ಕೈಬಿಡುತ್ತಿದ್ದವು. ಹೆರಿಗೆಗೆಂದೋ ಹಾಸಿಗೆ ಹಿಡಿದ ಅತ್ತೆಯ ಶುಶ್ರೂಷೆಗೆಂದೋ ಎರಡು ವರ್ಷ ಮನೆಯಲ್ಲಿ ಉಳಿದ ಮಹಿಳೆಯನ್ನು ಆರೈಕೆಯ ಕೆಲಸಕ್ಕೆ ಅನರ್ಹಳೆಂದು ತೀರ್ಮಾನಿಸುವ ಜರಡಿಗಿಂತ ವಿಪರ್ಯಾಸ ಬೇರೊಂದಿಲ್ಲ. ಆ ಎರಡು ವರ್ಷ ಅವರು ಮಾಡಿದ್ದು ಆರೈಕೆಯನ್ನೇ. ಅಭ್ಯರ್ಥಿಗಳು ಈ ಅವಧಿಯನ್ನು ತಿಂಗಳು ಮತ್ತು ವರ್ಷದೊಂದಿಗೆ 'ಕುಟುಂಬದ ಹಿರಿಯರ ಪೂರ್ಣಕಾಲಿಕ ಆರೈಕೆ' ಎಂದು ಸಂಕೋಚವಿಲ್ಲದೆ ನಮೂದಿಸಬೇಕು. ಉದ್ಯೋಗದಾತರು ಬಿಡುವನ್ನು ಆಧರಿಸಿ ಅರ್ಜಿ ತಳ್ಳುವ ಆಯ್ಕೆಯನ್ನೇ ತಂತ್ರಾಂಶದಿಂದ ತೆಗೆದು ಹಾಕಬೇಕು.

ಯಂತ್ರಕ್ಕೆ ಪಕ್ಷಪಾತವಿಲ್ಲ ಎಂಬ ನಂಬಿಕೆಯನ್ನೂ ಪರಿಶೀಲಿಸಬೇಕಾಗಿದೆ. ಅಮೆಜಾನ್ ಸಂಸ್ಥೆ ತನ್ನಲ್ಲಿಗೆ ಹತ್ತು ವರ್ಷಗಳಲ್ಲಿ ಬಂದಿದ್ದ ಸ್ವವಿವರಗಳಿಂದ ಕಲಿಸಿದ ಪ್ರಾಯೋಗಿಕ ತಂತ್ರಾಂಶವೊಂದು ಮಹಿಳೆಯರ ಅರ್ಜಿಗಳನ್ನು ಕೆಳಗಿಳಿಸುತ್ತಿದ್ದುದು ತಿಳಿದು ಆ ಯೋಜನೆಯನ್ನೇ ಕೈಬಿಟ್ಟಿತೆಂದು ರಾಯಿಟರ್ಸ್ 2018ರಲ್ಲಿ ವರದಿ ಮಾಡಿತ್ತು. ಹಿಂದೆ ಬಂದಿದ್ದ ಅರ್ಜಿಗಳಲ್ಲಿ ಪುರುಷರದೇ ಹೆಚ್ಚು, ಯಂತ್ರ ಅದನ್ನೇ ಮಾದರಿಯೆಂದು ಕಲಿತಿತ್ತು. ನ್ಯೂಯಾರ್ಕ್ ನಗರ 2023ರ ಜುಲೈನಿಂದ ಇಂತಹ ಸಾಧನಗಳಿಗೆ ಪಕ್ಷಪಾತದ ತಪಾಸಣೆಯನ್ನು ಕಡ್ಡಾಯಗೊಳಿಸಿತು. ಐರೋಪ್ಯ ಒಕ್ಕೂಟದ 2024ರ ಕೃತಕ ಬುದ್ಧಿಮತ್ತೆ ಕಾನೂನು ನೇಮಕಾತಿ ತಂತ್ರಾಂಶಗಳನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿದೆ. ಕಾನೂನಿನ ಕೈ ತಲುಪುವ ಮುನ್ನವೇ ತಮ್ಮ ಜರಡಿಯನ್ನು ತಾವೇ ಪರೀಕ್ಷಿಸಿಕೊಳ್ಳುವುದು ವಿವೇಕ. ಉಪಾಯವೂ ಸುಲಭ: ಈಗಾಗಲೇ ಸಂಸ್ಥೆಯಲ್ಲಿರುವ ಅತ್ಯುತ್ತಮ ಮೂವರು ಸಹಾಯಕರ ಸ್ವವಿವರಗಳನ್ನು ಅದೇ ತಂತ್ರಾಂಶಕ್ಕೆ ಹಾಕಿ ನೋಡಬೇಕು. ಅವರೇ ತೇರ್ಗಡೆಯಾಗದಿದ್ದರೆ ದೋಷ ಯಾವುದರಲ್ಲಿದೆ ಎಂಬುದು ಸ್ಪಷ್ಟ.

ಕಡಲಾಚೆಯ ಬಾಗಿಲು

ಯಂತ್ರದಲ್ಲಿ ತೇರ್ಗಡೆಯಾಗುವ ಸ್ವವಿವರವನ್ನು ವಿದೇಶದ ಉದ್ಯೋಗದ ಆಸೆಯೊಂದಿಗೆ ಬೆಸೆದು ಮಾರುವ ದಲ್ಲಾಳಿಗಳ ಬಗ್ಗೆ ಎಚ್ಚರಿಕೆ ಅಗತ್ಯ. ನರ್ಸಿಂಗ್ ಶಿಕ್ಷಣಕ್ಕೆ ಹೆಸರಾದ ಕರಾವಳಿಯಲ್ಲಿ ಈ ಆಸೆ ಸಹಜವಾದುದು. ಬ್ರಿಟನ್ ಸರ್ಕಾರ 2022ರ ಫೆಬ್ರವರಿಯಲ್ಲಿ ಆರೈಕೆ ಸಹಾಯಕರಿಗೆ ವೀಸಾ ಬಾಗಿಲನ್ನು ತೆರೆದಿತ್ತು. 2024ರ ಮಾರ್ಚ್‌ನಿಂದ ಅವರು ಕುಟುಂಬವನ್ನು ಕರೆದೊಯ್ಯುವುದನ್ನು ನಿರ್ಬಂಧಿಸಿತು. 2025ರ ಜುಲೈ 22ರಿಂದ ಈ ಹುದ್ದೆಗೆ ಹೊರದೇಶಗಳಿಂದ ಹೊಸದಾಗಿ ನೇಮಿಸಿಕೊಳ್ಳುವುದನ್ನೇ ನಿಲ್ಲಿಸಿತು. ಹೀಗಿರುವಾಗ ಇಲ್ಲಿಂದ ಬ್ರಿಟನ್ನಿನ ಕೇರ್ ಅಸಿಸ್ಟೆಂಟ್ ಹುದ್ದೆಗೆ ಲಕ್ಷಗಟ್ಟಲೆ ಹಣ ಪಡೆದು ದಾರಿ ತೋರಿಸುತ್ತೇವೆ ಎನ್ನುವವರ ಮಾತು ಕನ್ನಡಿಯೊಳಗಿನ ಗಂಟು. ಕಾನೂನು ಮುಚ್ಚಿದ ಬಾಗಿಲನ್ನು ಯಾವ ಸ್ವವಿವರವೂ ತೆರೆಯಲಾರದು. ಸಾಲ ಮಾಡಲು ತಮ್ಮ ನೌಕರರು ಸಲಹೆ ಕೇಳಿ ಬಂದಾಗ ಮಾಲೀಕರು ಈ ಮಾತನ್ನು ಸ್ಪಷ್ಟವಾಗಿ ತಿಳಿಸುವುದು ಉಪಕಾರ.

ಸದಸ್ಯರು ಮಾಡಬಹುದಾದುದು

ಆರೈಕೆ ಸಹಾಯಕರ ಸ್ವವಿವರ ಬಡವಾಗಿರುವುದಕ್ಕೆ ಒಂದು ಮುಖ್ಯ ಕಾರಣ, ಅವರ ಹಿಂದಿನ ಮಾಲೀಕರು ಕೊಟ್ಟ ಅನುಭವ ಪತ್ರ ಬಡವಾಗಿರುವುದು. 'ಇವರು ನಮ್ಮಲ್ಲಿ ಕೆಲಸ ಮಾಡಿದ್ದು, ನಡತೆ ತೃಪ್ತಿಕರವಾಗಿದೆ' ಎಂಬ ಸಾಲಿನಿಂದ ಯಾರೂ ಯಾವ ವಿವರವನ್ನೂ ಬರೆಯಲಾರರು. ಹಲವರಿಗೆ ಅಷ್ಟೂ ದೊರೆಯುವುದಿಲ್ಲ. ಅನುಭವ ಪತ್ರ ಕೊಟ್ಟರೆ ಒಳ್ಳೆಯ ಕೆಲಸಗಾರರು ಬೇರೆಡೆಗೆ ಹೋಗುತ್ತಾರೆಂಬ ಅಂಜಿಕೆ ಇದರ ಹಿಂದಿದೆ. ಆ ಅಂಜಿಕೆ ಸುಳ್ಳೆಂದು ಹೇಳಲಾಗದು. ಆದರೆ ಅದೇ ಮಾಲೀಕರು ಬೇರೆಡೆಯಿಂದ ಬರುವವರನ್ನು ಆರಿಸುವಾಗ ವಿವರವಾದ ಅನುಭವ ಪತ್ರವನ್ನು ಕೇಳುತ್ತಾರೆ. ಎಲ್ಲರೂ ಕೇಳಿ ಯಾರೂ ಕೊಡದಿದ್ದರೆ ಸಂತೆಯಲ್ಲಿ ಸರಕೇ ಇರುವುದಿಲ್ಲ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರ ನೀಡುವುದನ್ನು ಉದ್ಯೋಗದಾತರ ಕರ್ತವ್ಯವೆಂದು ಹೇಳುತ್ತವೆ. ಹೇಗೂ ಸಿದ್ಧಪಡಿಸಬೇಕಾದ ಆ ಪತ್ರದಲ್ಲಿ ಹುದ್ದೆಗೆ ರೂಢಿಯಲ್ಲಿರುವ ಹೆಸರನ್ನು ಬರೆದು, ಬಿಡುವಾಗ ಕೊಡುವ ಅನುಭವ ಪತ್ರದಲ್ಲಿ ಅದೇ ಹೆಸರು, ಸೇರಿದ ಮತ್ತು ಬಿಟ್ಟ ದಿನಾಂಕ, ನಿರ್ವಹಿಸಿದ ಐದಾರು ಕರ್ತವ್ಯಗಳನ್ನು ನಮೂದಿಸಿದರೆ ಅರ್ಧ ಪುಟ ಸಾಕು, ಖರ್ಚೂ ಇಲ್ಲ. ಆರೈಕೆ ಕ್ಷೇತ್ರದ ಸದಸ್ಯರಿಗಾಗಿ ಇಂತಹ ಮಾದರಿ ನಮೂನೆಯೊಂದನ್ನು ಮಂಡಳಿ ಸಿದ್ಧಪಡಿಸಿ ಹಂಚಬಹುದು. ಉಳಿದ ವೃತ್ತಿಗಳಿಗೂ ಅದನ್ನು ವಿಸ್ತರಿಸುವುದು ಕಷ್ಟವಾಗದು.

ಜಾಹೀರಾತಿನ ವಿಷಯದಲ್ಲಿಯೂ ಸಂಯಮ ಬೇಕು. ಹಾಸಿಗೆ ಹಿಡಿದ ವೃದ್ಧರ ಆರೈಕೆಗೆ ಪದವಿ ಕಡ್ಡಾಯವೇ, ನಿರರ್ಗಳ ಇಂಗ್ಲಿಷ್ ನಿಜಕ್ಕೂ ಬೇಕೇ ಎಂದು ಪ್ರತಿ ಷರತ್ತನ್ನೂ ಪ್ರಶ್ನಿಸಿಕೊಳ್ಳಬೇಕು. ಇಲ್ಲದಿದ್ದರೆ ಕೆಲಸವೇ ನಡೆಯದು ಎನ್ನುವ ಮೂರೋ ನಾಲ್ಕೋ ಷರತ್ತುಗಳನ್ನು ಮಾತ್ರ ಯಂತ್ರಕ್ಕೆ ಕೊಟ್ಟು, ಉಳಿದುದನ್ನು ಮನುಷ್ಯರ ವಿವೇಚನೆಗೆ ಬಿಡಬೇಕು. ಯಂತ್ರ ತಳ್ಳಿದ ಅರ್ಜಿಗಳಲ್ಲಿ ಹತ್ತನ್ನಾದರೂ ತಿಂಗಳಿಗೊಮ್ಮೆ ಯಾರಾದರೂ ತೆರೆದು ಓದಬೇಕು.

ರೋಗಿಯ ಬೆನ್ನಿನ ಮೇಲೆ ಹುಣ್ಣಾಗದಂತೆ ನೋಡಿಕೊಳ್ಳಬಲ್ಲವರು ಯಾರು, ನಡುರಾತ್ರಿ ಕರೆದರೆ ಬೇಸರವಿಲ್ಲದೆ ಏಳುವವರು ಯಾರು ಎಂಬುದು ಇಂದಿಗೂ ತಂತ್ರಾಂಶಕ್ಕೆ ತಿಳಿಯದ ಸಂಗತಿ. ಅಂತಹವರು ಸಂದರ್ಶನದ ಕೋಣೆಯವರೆಗೆ ಬರುವಂತೆ ನೋಡಿಕೊಳ್ಳುವುದಷ್ಟೇ ಸ್ವವಿವರದ ಕೆಲಸ, ಜರಡಿಯ ಕೆಲಸವೂ ಅದೇ. ಒಂದನ್ನು ಅಭ್ಯರ್ಥಿ ಸತ್ಯವಾಗಿ ಬರೆದು, ಇನ್ನೊಂದನ್ನು ಮಾಲೀಕರು ವಿವೇಕದಿಂದ ಹಿಡಿದರೆ, ಹಾಸಿಗೆಯಲ್ಲಿರುವ ರೋಗಿಗೆ ಸರಿಯಾದ ಕೈಗಳು ದೊರೆಯುತ್ತವೆ.